ಸೈಕಲ್ ಮೇಲೆ ಹೋದ ಉಡಿ

ಹುಬ್ಬಳ್ಳಿಯ ವಿದ್ಯಾನಗರದಿಂದ ನಾವು ಹೊರಟಾಗ ಬೀದಿ ದೀಪಗಳು ಇನ್ನೂ ಆರಿರಲಿಲ್ಲ. ಮಾಘ ಮಾಸದ ಗುರುವಾರ, ಚಳಿ ಕಿವಿ ಕಚ್ಚುತ್ತಿತ್ತು. ಎರಡು ಸೈಕಲ್ಲು, ಪಂಕ್ಚರ್ ತಿದ್ದುವ ಸಾಮಾನು, ಒಂದು ಡಬ್ಬಿಯ ತುಂಬ ಕಟಕ ರೊಟ್ಟಿ, ಶೇಂಗಾ ಚಟ್ನಿ. ಇವಲ್ಲದೆ ನನ್ನ ಸೈಕಲ್ಲಿನ ಕ್ಯಾರಿಯರ್‌ಗೆ ಹಳದಿ ಬಟ್ಟೆಯ ಗಂಟೊಂದನ್ನು ಹೆಂಡತಿ ಸುಮಂಗಲಾ ತಾನೇ ಬಿಗಿದು ಕಟ್ಟಿದ್ದಳು. ನನ್ನ ಗಂಟು ಹಾಕುವ ವಿದ್ಯೆಯ ಮೇಲೆ ಅವಳಿಗೆ ನಂಬಿಕೆಯಿಲ್ಲ. ಒಳಗೆ ಗುಳೇದಗುಡ್ಡದ ಕುಪ್ಪಸದ ಖಣ, ಹಸಿರು ಬಳೆ, ತೆಂಗಿನಕಾಯಿ, ಅಕ್ಕಿ, ಉತ್ತತ್ತಿ, ಅಡಿಕೆ, ಅರಿಷಿಣ ಬೇರು ಇದ್ದವು. ಅದು ಮಲಪ್ರಭಾ ಹೊಳೆಯ ಮಡಿಲಿಗೆ ತುಂಬಬೇಕಾಗಿದ್ದ ಉಡಿ.

ಹರಕೆಯ ಸಂಗತಿ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಮಗಳು ಅಶ್ವಿನಿಗೆ ದಿನ ತುಂಬುವ ಮೊದಲೇ ಹೆರಿಗೆಯಾಯಿತು. ಕೂಸು ಅಂಗೈಯಗಲ ಇತ್ತು. ಅದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟರು. ವಾರಗಟ್ಟಲೆ ಡಾಕ್ಟರು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಒಂದು ಮಧ್ಯಾಹ್ನ ದವಾಖಾನೆಯ ಪಡಸಾಲೆಯಲ್ಲಿ ನಿಂತು ಸುಮಂಗಲಾ ತನ್ನ ತವರೂರ ಹೊಳೆಗೆ ಕೈಮುಗಿದಳು. ಕೂಸು ಉಳಿದರೆ ಊರ ದಂಡೆಯಲ್ಲೇ ನಿನ್ನ ಉಡಿ ತುಂಬಿಸುತ್ತೇನೆ ಅಂದಳು. ಕೂಸು ಉಳಿಯಿತು, ಮನೆಗೂ ಬಂತು. ಆದರೆ ಹರಕೆ ಮುಟ್ಟುವವರೆಗೆ ಅದನ್ನು ತೊಟ್ಟಿಲಿಗೆ ಹಾಕುವುದಿಲ್ಲ, ಹೆಸರೂ ಇಡುವುದಿಲ್ಲ ಎಂದು ಅವಳು ಹಟ ಹಿಡಿದಳು. ತೊಳೆದು ಒರೆಸಿ ತೂಗುಹಾಕಿದ ತೊಟ್ಟಿಲು ಖಾಲಿಯಾಗಿ ತೂಗುತ್ತಿತ್ತು, ಕೂಸು ಹಗಲೂ ರಾತ್ರಿ ಯಾರದಾದರೂ ತೊಡೆಯ ಮೇಲೆ ಇರುತ್ತಿತ್ತು. ಬಾಣಂತಿಯನ್ನು ಬಿಟ್ಟು ಅವಳು ಊರಿಗೆ ಹೋಗುವ ಹಾಗಿಲ್ಲ. ಗಂಡಸು ಉಡಿ ತುಂಬುವ ಹಾಗಿಲ್ಲ, ಆದರೆ ಹೊತ್ತು ಒಯ್ಯಬಹುದು. ಊರಲ್ಲಿ ಅವಳ ಚಿಗವ್ವ ಗೌರವ್ವ ಇದ್ದಾಳೆ, ತುಂಬುವುದು ಅವಳ ಕೆಲಸ. ಶುಕ್ರವಾರ ಹೊತ್ತು ನೆತ್ತಿಗೇರುವುದರೊಳಗೆ ಉಡಿ ತುಂಬಬೇಕು, ಸಂಜೆ ಇಲ್ಲಿ ಓಣಿಯ ಹೆಂಗಸರನ್ನು ಕರೆದು ಗುಗ್ಗರಿ ಹಂಚಿ ತೊಟ್ಟಿಲಿಗೆ ಹಾಕಬೇಕು. ಲೆಕ್ಕ ಇಷ್ಟು ಸರಳವಾಗಿತ್ತು.

ಸೈಕಲ್ ಯಾಕೆ ಅಂದರೆ ಅದಕ್ಕೆ ದೇವದಾಸ ಮಾಸ್ತರರೇ ಕಾರಣ. ಅವರು ಮಿಶನ್ ಶಾಲೆಯಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು. ರವಿವಾರ ಚರ್ಚು, ಉಳಿದ ದಿನ ಒಡೆದ ಗುಡಿಗಳು. ದಿನಾ ಬೆಳಿಗ್ಗೆ ನಾವಿಬ್ಬರೂ ಉಣಕಲ್ ಕೆರೆಯವರೆಗೆ ಸೈಕಲ್ ತುಳಿಯುತ್ತೇವೆ. ಮಲಪ್ರಭೆಯ ದಂಡೆ ಹಿಡಿದು ಬಾದಾಮಿ, ಪಟ್ಟದಕಲ್ಲು ನೋಡಿ ಬರೋಣವೆಂದು ಅವರು ಬಹಳ ದಿನದಿಂದ ಗಂಟುಬಿದ್ದಿದ್ದರು. ಹರಕೆಯ ನೆವ ಸಿಕ್ಕಿದ್ದೇ ತಡ, ನಾನೂ ಒಪ್ಪಿಬಿಟ್ಟೆ. ಕಮರಿಪೇಟೆಯಲ್ಲಿ ನನ್ನದೊಂದು ಚಷ್ಮಾ ಅಂಗಡಿಯಿದೆ. ನಾಲ್ಕು ದಿನ ಅದರ ಬಾಗಿಲು ಹಾಕಿದೆ.

"ಊರ ಮಂದಿ ಕಣ್ಣಿಗೆಲ್ಲಾ ಚಷ್ಮಾ ಏರಿಸ್ತೀರಿ, ನಿಮಗ ಎದುರಿಗೆ ಇದ್ದದ್ದು ಕಾಣಂಗಿಲ್ಲ. ಹಾದ್ಯಾಗ ಕೇಳಿಕೋತ ಹೋಗ್ರಿ," ಎಂದು ಸುಮಂಗಲಾ ಗೇಟಿನ ಬಳಿ ಹೇಳಿದಳು. ನಾನು ನಕ್ಕು ಪೆಡಲ್ ಒತ್ತಿದೆ.

ಮೊದಲ ದಿನ ನವಲಗುಂದ ದಾಟಿ ನರಗುಂದ ಮುಟ್ಟಿದೆವು. ಐವತ್ತು ಕಿಲೋಮೀಟರಿಗೆ ಸ್ವಲ್ಪ ಹೆಚ್ಚು ದಾರಿ, ರಸ್ತೆ ಸಪಾಟು, ಎದುರುಗಾಳಿ ಮಾತ್ರ ಎದೆಗೆ ಕೈಕೊಟ್ಟು ದಬ್ಬುತ್ತಿತ್ತು. ಎರಡೂ ಕಡೆ ಎರೆಭೂಮಿ, ಕಣ್ಣು ಹೋದಷ್ಟು ದೂರ ಬಿಳಿಜೋಳ, ನಡುವೆ ಕಡಲೆ. ಬೆಣ್ಣಿಹಳ್ಳದ ಸೇತುವೆಯ ಮೇಲೆ ನಿಂತು ರೊಟ್ಟಿ ತಿಂದೆವು. ಆ ಹಳ್ಳ ಮಳೆಗಾಲದಲ್ಲಿ ಊರೂರನ್ನೇ ಹೆದರಿಸುತ್ತದಂತೆ. ಈಗ ಅದರಲ್ಲಿ ಎಮ್ಮೆಯ ಮೊಣಕಾಲೂ ನೆನೆಯುವಂತಿರಲಿಲ್ಲ. ನವಲಗುಂದದಲ್ಲಿ ಗಿರಮಿಟ್ಟು ಮತ್ತು ಮಿರ್ಚಿ, ಅದರ ಮೇಲೆ ಚಹಾ. ಲಾರಿಯವರು ನಮ್ಮ ಹಿಂದೆ ಬಂದು ಹಾರ್ನ್ ಹೊಡೆದಾಗಲೆಲ್ಲ ನಾನು ಕೈಯನ್ನು ಹಿಂದಕ್ಕೆ ಚಾಚಿ ಗಂಟು ಇದೆಯೋ ಇಲ್ಲವೋ ಮುಟ್ಟಿ ನೋಡುತ್ತಿದ್ದೆ. ನರಗುಂದದ ಗುಡ್ಡದ ಕೆಳಗೆ ಒಂದು ಲಾಡ್ಜಿನಲ್ಲಿ ಉಳಿದೆವು. ಬಿಸಿನೀರಿನ ಮಾತು ಕೊಟ್ಟವರು ತಣ್ಣೀರು ಕೊಟ್ಟರು, ನಾವೂ ಜಗಳಾಡುವಷ್ಟು ಗಟ್ಟಿಯಾಗಿರಲಿಲ್ಲ.

ನನ್ನ ಹೆಂಡತಿಯ ತವರು ಹೊಳೆಸಿದ್ನಾಳ. ನಾನು ಅಲ್ಲಿಗೆ ಹೋದದ್ದು ಕಡಿಮೆ. ಮದುವೆಯಾದ ಹೊಸದರಲ್ಲಿ ಶ್ರಾವಣದಲ್ಲಿ ಹೋದಾಗ ಹೊಳೆ ಎರಡೂ ದಂಡೆ ತುಂಬಿ ಕೆಂಪಗೆ ಹರಿಯುತ್ತಿತ್ತು. ಆಮೇಲೆ ಅವಳ ಅವ್ವ ತೀರಿದಾಗ ಜೀಪಿನಲ್ಲಿ ಹೋಗಿ, ಮಣ್ಣು ಕೊಟ್ಟು, ಅದೇ ಜೀಪಿನಲ್ಲಿ ತಿರುಗಿ ಬಂದಿದ್ದೆ. ಆಗ ಹೊಳೆಯ ಕಡೆ ಯಾರು ನೋಡುತ್ತಾರೆ? ಹೀಗಾಗಿ ನನ್ನ ತಲೆಯಲ್ಲಿ ಹೊಳೆ ಎಂದರೆ ಆ ಶ್ರಾವಣದ್ದೇ.

ಶುಕ್ರವಾರ ಬೆಳಿಗ್ಗೆ ನರಗುಂದ ಬಿಟ್ಟು ಸ್ವಲ್ಪ ದೂರ ಹೋದ ಮೇಲೆ, ಕಣಿಕಿ ಮೇವು ಹೇರಿಕೊಂಡು ಬರುತ್ತಿದ್ದ ಚಕ್ಕಡಿಯವನನ್ನು ನಿಲ್ಲಿಸಿ ಹಾದಿ ಕೇಳಿದೆ.

"ಡಾಂಬರ ರಸ್ತಾ ಹಿಡದರ ಸುತ್ತ ಆಗತೈತ್ರಿ. ನೀರಿನ ದಂಡಿ ಹಿಡದು ಹೋಗ್ರಿ. ಸಣ್ಣ ಪೂಲ್ ಬರತೈತಿ, ಅಲ್ಲಿ ಎಡಕ್ಕ ಇಳದು ಬಿಡ್ರಿ," ಎಂದ ಅವನು.

ನೀರಿನ ದಂಡೆ ಎಂಬ ಮಾತು ನನ್ನ ಕಿವಿಯಲ್ಲಿ ಉಳಿಯಿತು. ಸಣ್ಣ ಸೇತುವೆಯ ಹತ್ತಿರ ಎಡಕ್ಕೆ ಇಳಿಯುವ ಮಾತು ಗಾಳಿಗೆ ಹೋಯಿತು. ಸ್ವಲ್ಪ ಹೊತ್ತಿಗೆ ಮಣ್ಣಿನ ಏರಿಯೊಂದನ್ನು ಹತ್ತಿದೆವು. ನೋಡಿದರೆ ಏನು ನೀರು! ದಂಡೆಯಿಂದ ದಂಡೆಗೆ ತುಂಬಿ ಹರಿಯುತ್ತಿತ್ತು, ಆಚೆ ಜಾಲಿಯ ನೆರಳು, ಈಚೆ ಆಪು ಹುಲ್ಲು. ನನ್ನ ಎದೆ ಹಿಗ್ಗಿತು. ಸುಮಂಗಲಾ ತನ್ನ ಹೊಳೆಯ ಬಗ್ಗೆ ಸುಮ್ಮನೆ ಕೊಚ್ಚಿಕೊಳ್ಳುತ್ತಿರಲಿಲ್ಲ ಅನ್ನಿಸಿತು. ಮಾಸ್ತರರು ಮಾತ್ರ ಸೈಕಲ್ ನಿಲ್ಲಿಸಿ ಹಿಂದೆ ಮುಂದೆ ನೋಡಿದರು.

"ಹೊಳಿ ಇಷ್ಟು ನೆಟ್ಟಗ ಹರೀತೈತೇನ್ರಿ ಸಾಹುಕಾರ್ರ?"

"ನಿಮ್ಮ ಸಾಲಿ ಹುಡುಗೂರಂಗ ಸೊಟ್ಟ ಸೊಟ್ಟ ಹೋಗಬೇಕಿತ್ತೇನು? ನಡೀರಿ," ಅಂದೆ.

ಅವರು ಫೋನ್ ತೆಗೆದು ನಕ್ಷೆ ನೋಡಿದರು. ಅದರಲ್ಲಿ ಎರಡು ನೀಲಿ ಗೆರೆಗಳಿದ್ದವು. ನಾವು ಯಾವುದರ ಮೇಲೆ ಇದ್ದೇವೆಂದು ತೋರಿಸುವಷ್ಟರಲ್ಲಿ ನೆಟ್‌ವರ್ಕ್ ಹೋಯಿತು. ಎರಡು ಗೆರೆ ಯಾಕೆ ಎಂದು ಅವರು ಕೇಳಿದರು. ಒಂದು ಹೊಳೆ, ಇನ್ನೊಂದು ಅದರ ನೆರಳಿರಬೇಕು ಎಂದು ನಾನು ಚೇಷ್ಟೆ ಮಾಡಿದೆ. ನೀರಿನ ಗುಂಟ ಮುಂದೆ ಹೋದೆವು, ಹೋದೆವು, ಊರು ಬರಲೇ ಇಲ್ಲ. ಹೊತ್ತು ಏರುತ್ತಿತ್ತು. ದಾರಿಯಲ್ಲಿ ಕೇಳೋಣವೆಂದರೆ ಕೊಕ್ಕರೆಗಳನ್ನು ಬಿಟ್ಟು ಯಾರೂ ಇರಲಿಲ್ಲ. ಇನ್ನೇನು ಸೂರ್ಯ ನೆತ್ತಿಗೆ ಬಂದ ಅನ್ನುವಾಗ ಒಂದು ಕಡೆ ಕಲ್ಲಿನ ಪಾವಟಿಗೆಗಳು ಕಂಡವು. ಪಕ್ಕದಲ್ಲೇ ಕಬ್ಬಿಣದ ಬಾಗಿಲ ಸಂದಿಯಿಂದ ನೀರು ಭೋರೆಂದು ಕೆಳಕ್ಕೆ ಬೀಳುತ್ತಿತ್ತು. ಇಬ್ಬರು ಹೆಂಗಸರು ಕೌದಿ ಒಗೆಯುತ್ತಿದ್ದರು.

ನಾನು ಅಲ್ಲೇ ತೀರ್ಮಾನ ಮಾಡಿದೆ. ಊರು ಇನ್ನು ಒಂದೆರಡು ಮೈಲಿ ಮುಂದೆ ಇರಬಹುದು, ಆದರೆ ಹೊಳೆ ಅದೇ ಹೊಳೆ. ವೇಳೆ ಮೀರಿದರೆ ಸಂಜೆ ತೊಟ್ಟಿಲು ಖಾಲಿಯೇ ಉಳಿಯುತ್ತದೆ. ಕೈಮುಗಿದು ಹೋಗಿ, ಹಸಿರು ಸೀರೆ ಉಟ್ಟವಳನ್ನು ಕೇಳಿದೆ:

"ಅಕ್ಕಾರ, ಹರಕಿ ಉಡಿ ಐತ್ರಿ. ನಾವು ಗಂಡಸೂರು. ನೀವೊಂದೀಟು ತುಂಬಿ ಕೊಡ್ತೀರೇನು?"

ಇಬ್ಬರೂ ಮುಖ ಮುಖ ನೋಡಿಕೊಂಡು ಬಾಯಿಗೆ ಸೆರಗು ಹಚ್ಚಿ ನಕ್ಕರು. "ಗಂಡಸೂರು ಉಡಿ ಕಟಗೊಂಡು ಸೈಕಲ್ ಮ್ಯಾಲೆ ಬಂದದ್ದು ಇವತ್ತ ನೋಡಿದ್ವಿ ನೋಡ್ರಿ," ಎಂದಳು ಹಸಿರು ಸೀರೆಯವಳು. ಆದರೂ ಕೈಕಾಲು ಮುಖ ತೊಳೆದು, ಸೆರಗು ಹೊದ್ದು, ನೀರಿಗೆ ಅರಿಷಿಣ ಕುಂಕುಮ ಏರಿಸಿ, ಖಣದಲ್ಲಿ ಅಕ್ಕಿ, ಬಳೆ, ಕಾಯಿ ಎಲ್ಲವನ್ನೂ ಹಾಕಿ ಮೆಲ್ಲಗೆ ನೀರಿಗೆ ಬಿಟ್ಟಳು. ಖಣ ಒಂದು ಕ್ಷಣ ತೇಲಿ, ಆಮೇಲೆ ಓಡಿ ಹೋಯಿತು. "ಎಷ್ಟು ಲಗೂ ತಗೊಂಡ್ಲು!" ಎಂದಳು ಇನ್ನೊಬ್ಬಳು. ಮಾಸ್ತರರೂ ಟೊಪ್ಪಿಗೆ ತೆಗೆದು ನಿಂತಿದ್ದರು. ನನಗೆ ಕಣ್ಣು ತುಂಬಿ ಬಂತು, ಸುಳ್ಳೇಕೆ ಹೇಳಲಿ. ಆ ಗಾಜಿನ ಪೆಟ್ಟಿಗೆ, ಆ ಅಂಗೈಯಗಲದ ಜೀವ ಎಲ್ಲ ಕಣ್ಣ ಮುಂದೆ ಬಂತು.

ಕೂಡಲೇ ಹೆಂಡತಿಗೆ ಫೋನ್ ಹಚ್ಚಿದೆ.

"ತುಂಬಿದ್ವಿ. ಹೊತ್ತಿಗೆ ಸರಿಯಾಗಿ ತುಂಬಿದ್ವಿ."

"ಚಿಗವ್ವ ತುಂಬಿದಳೇನ್ರಿ?"

"ಇಲ್ಲ, ಊರು ಇನ್ನೂ ಮುಂದ ಐತಿ. ವ್ಯಾಳ್ಯಾ ಮೀರತೈತಂತ ಇಲ್ಲೇ ಒಬ್ಬರು ಅಕ್ಕಾರ ಕಡೆ ತುಂಬಿಸಿದೆ. ಏನು ನೀರು ಮಾರಾಯ್ತಿ, ಕೇಳಿಲ್ಲಿ." ಫೋನನ್ನು ನೀರಿನ ಭೋರಾಟದ ಕಡೆ ಹಿಡಿದೆ.

"ಹೂಂ, ಕೇಳಾಕತ್ತೈತಿ," ಎಂದಷ್ಟೇ ಹೇಳಿ ಅವಳು ಫೋನ್ ಇಟ್ಟಳು. ಸಂತೋಷಕ್ಕೆ ಮಾತು ಕಟ್ಟಿರಬೇಕು ಅಂದುಕೊಂಡೆ.

ಹಗುರಾದ ಮನಸ್ಸಿನಿಂದ, ಹೊಳೆಸಿದ್ನಾಳ ಇನ್ನೆಷ್ಟು ದೂರ ಎಂದು ಹಸಿರು ಸೀರೆಯವಳನ್ನು ಕೇಳಿದೆ. ಅವಳು ಕೌದಿ ಹಿಂಡುತ್ತ ಹೊಲಗಳಾಚೆಗೆ ಗದ್ದ ತೋರಿಸಿದಳು.

"ಹಿಂದಿನ ಪೂಲಿನ ತನಕ ತಿರುಗಿ ಹೋಗ್ರಿ. ಅಲ್ಲಿಂದ ಕೆಳಗ ಇಳದರ ಹೊಳಿ, ಹೊಳಿ ದಂಡಿಮ್ಯಾಲೆ ಊರು."

"ಹೊಳಿ ಅಲ್ಲೈತಿ ಅಂದರ ಇದೇನ್ರಿ?"

"ಇದು ಕಾಲವಿ ಅಲ್ಲೇನ್ರಿ. ಡ್ಯಾಮಿನಿಂದ ಬಿಡ್ತಾರ, ಹೊಲಕ್ಕ."

ನಾನು ಆ ನೀರನ್ನು ನೋಡಿದೆ, ಮಾಸ್ತರರನ್ನು ನೋಡಿದೆ. ಅವರು ಪುಣ್ಯಕ್ಕೆ ನಗಲಿಲ್ಲ.

ತಿರುಗಿ ಹೋಗುವ ದಾರಿಯುದ್ದಕ್ಕೂ ಅವರು ನನಗೆ ಸಮಾಧಾನ ಹೇಳಿದರು. "ನೀರು ಮಲಪ್ರಭಾದ್ದ ಹೌದಲ್ರಿ? ಡ್ಯಾಮಿನ ತನಕ ಎರಡೂ ಒಂದ. ನಮ್ಮ ಚರ್ಚಿನ್ಯಾಗ ನಳದ ನೀರಿಲೆ ದೀಕ್ಷಾಸ್ನಾನ ಮಾಡಸ್ತಾರ. ಹಂಗಂತ ಕೂಸುಗೋಳನ್ನ ಯೊರ್ದನ್ ಹೊಳಿಗೆ ಒಯ್ತೀವೇನು?" ಈ ಮಾತು ನನಗೆ ಎಷ್ಟು ಹಿಡಿಸಿತೆಂದರೆ ಅರ್ಧ ಮೈಲಿಯವರೆಗೆ ನಾನು ನೆಮ್ಮದಿಯಿಂದ ತುಳಿದೆ. ಆಮೇಲೆ ಸುಮಂಗಲಾ ಹೇಳಿದ್ದು ನೆನಪಾಯಿತು: ನಮ್ಮೂರ ದಂಡೆ, ನಮ್ಮ ಹೊಳೆ. ನೀರು ಎಂದು ಅವಳು ಹೇಳಿಯೇ ಇರಲಿಲ್ಲ. ಮತ್ತೆ ತಲೆ ಕೆಟ್ಟಿತು.

ಊರು ಮುಟ್ಟಿದಾಗ ನನ್ನ ಗೊಂದಲ ಇನ್ನಷ್ಟು ಹೆಚ್ಚಿತು. ಹೊಳೆ ಎಲ್ಲಿ ಎಂದು ಕೇಳಿದರೆ ನಾವು ಅದರೊಳಗೇ ನಿಂತಿದ್ದೆವು. ಸೈಕಲ್ ದೂಡಿಕೊಂಡು ಇಳಿದ ತಗ್ಗು ಹೊಳೆಯ ಪಾತ್ರ. ಅರ್ಧಕ್ಕೆ ಜೋಳ ಬಿತ್ತಿದ್ದರು. ಇನ್ನರ್ಧ ಜಾಲಿ, ಬಿರುಕುಬಿಟ್ಟ ಕೆಸರು, ಅಲ್ಲಲ್ಲಿ ಉಳಿದ ಉಸುಕು. ಒಂದು ಮಡುವಿನಲ್ಲಿ ಪಾಚಿಗಟ್ಟಿದ ನೀರು ನಿಂತಿತ್ತು, ಅದೂ ಮಂಚದಷ್ಟು ಅಗಲ. ಹರಿಯುವುದೆಂದರೆ ಇರುವೆಯ ಸಾಲು ಮಾತ್ರ. ಕೆಂಪು ನೀರು ಮೊರೆಯುತ್ತಿದ್ದ ಆ ಶ್ರಾವಣದ ಹೊಳೆ ಇದೇ ಎಂದು ನಂಬಲು ನನಗೆ ಬಹಳ ಹೊತ್ತು ಹಿಡಿಯಿತು. ನೀರಿದ್ದ ಕಡೆ ಹೊಳೆಯಿರಲಿಲ್ಲ, ಹೊಳೆಯಿದ್ದ ಕಡೆ ನೀರಿರಲಿಲ್ಲ. ಉಡಿಯನ್ನು ಯಾರಿಗೆ ತುಂಬಿದೆ ನಾನು?

"ಬರ್ರಿ ಅಳಿಯಂದ್ರ, ಬರ್ರಿ. ಮುಂಜಾನಿಂದ ಹಾದಿ ನೋಡಾಕತ್ತೇನಿ," ಎಂದು ಗೌರವ್ವ ಚಿಗವ್ವ ಬಾಗಿಲಲ್ಲೇ ಕಾಲಿಗೆ ನೀರು ಕೊಟ್ಟಳು. ಎಪ್ಪತ್ತು ದಾಟಿದ ಹೆಣ್ಣುಮಗಳು, ಹಣೆತುಂಬ ಕುಂಕುಮ. ಗಂಡ ಕಾಕಾ ಕಟ್ಟೆಯ ಮೇಲೆ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ. ಅವನಿಗೆ ಕಿವಿ ಕೇಳುವುದಿಲ್ಲ. ಅವಳ ಕಣ್ಣು ನನ್ನ ಖಾಲಿ ಕ್ಯಾರಿಯರ್ ಮೇಲೆ ಹೋಯಿತು. ಊಟವಾದ ಮೇಲೆ ಹೇಳೋಣವೆಂದುಕೊಂಡೆ. ಬಿಸಿ ರೊಟ್ಟಿ, ಎಣ್ಣೆಗಾಯಿ, ಕಡಲೆ ಪಲ್ಯ, ಕೆನೆಮೊಸರು ಇದ್ದವು. ರೊಟ್ಟಿ ಮುರಿದವನು ತುತ್ತನ್ನು ಮತ್ತೆ ತಟ್ಟೆಗೇ ಇಟ್ಟೆ. ತಟ್ಟೆಯ ಮುಂದೆಯೇ ಎಲ್ಲ ಹೇಳಿಬಿಟ್ಟೆ.

ಚಿಗವ್ವ ಕೈಯಲ್ಲಿದ್ದ ರೊಟ್ಟಿಯನ್ನು ಹಾಗೇ ಹಿಡಿದು ಕೂತಳು. "ಒಬ್ಬಾಕಿಗೆ ಹೊತ್ತ ಹರಕಿ ಇನ್ನೊಬ್ಬಾಕಿಗೆ ಮುಟ್ಟಿದಂಗಾತಲ್ರಿ! ಈಗ ಏನ ಮಾಡೂದು? ನನಗೂ ತಿಳೀವಲ್ದು." ಆಮೇಲೆ ರೊಟ್ಟಿಯನ್ನು ನನ್ನ ತಟ್ಟೆಗೆ ಹಾಕಿ, "ನಮ್ಮ ಸುಮ್ಮಿಗೆ ಹೇಳಬ್ಯಾಡ್ರಿ. ಬಾಣಂತಿ ಇದ್ದ ಮನಿ, ಮನಸ್ಸಿಗೆ ಹಚಗೋತಾಳ," ಎಂದಳು.

ಮಾಸ್ತರರು ಬೇರೆಯೇ ಹೇಳಿದರು. "ಹೇಳಿಬಿಡ್ರಿ. ಹರಕಿ ಅವರದು, ನಮ್ಮದಲ್ಲ."

ಇಬ್ಬರ ಮಾತೂ ನನಗೆ ಖರೆ ಅನ್ನಿಸಿತು. ಅದೇ ಕಷ್ಟ. ಹೇಳಿದರೆ ಅವಳು ಅಳುತ್ತಾಳೆ. ಅಷ್ಟರೊಳಗೆ ಕೂಸನ್ನು ತೊಟ್ಟಿಲಿಗೆ ಹಾಕಿದ್ದರೆ, ಹರಕೆ ಮುಟ್ಟದೆ ಹಾಕಿದೆನಲ್ಲ ಎಂದು ದಿನಾ ಕೂಸಿನ ಹಣೆ ಮುಟ್ಟಿ ಮುಟ್ಟಿ ನೋಡುತ್ತಾಳೆ. ಹೇಳದಿದ್ದರೆ ಕೂಸು ಒಂದು ಸಲ ಕೆಮ್ಮಿದರೂ ಸಾಕು, ಹಾಗೆ ಮುಟ್ಟಿ ನೋಡುವವನು ನಾನಾಗುತ್ತೇನೆ. ನನಗೆ ಹರಕೆಯಲ್ಲಿ ಅಷ್ಟು ನಂಬಿಕೆಯಿದೆಯೋ ಇಲ್ಲವೋ ಅದೂ ಆಗ ತಿಳಿಯದಾಯಿತು.

ಸಂಜೆ ಮಾಸ್ತರರು ನನ್ನನ್ನು ದಂಡೆಯ ಮೇಲಿನ ಹಳೆಯ ಗುಡಿಗೆ ಎಳೆದುಕೊಂಡು ಹೋದರು. ಚಾಲುಕ್ಯರ ಕಾಲದ್ದಂತೆ. ಒಳಗೆ ಯಾರೋ ಜೋಳದ ಕಣಿಕಿ ಒಟ್ಟಿದ್ದರು. ಬಾಗಿಲ ಚೌಕಟ್ಟಿನ ಬುಡದಲ್ಲಿ ಒಂದು ಪುಟ್ಟ ಹೆಣ್ಣು ವಿಗ್ರಹವಿತ್ತು, ಕಾಲಡಿಯಲ್ಲಿ ಮೊಸಳೆ. ಅದು ಗಂಗೆ, ಆ ಕಾಲದವರು ನದಿಯನ್ನು ಹೊಸ್ತಿಲಲ್ಲೇ ನಿಲ್ಲಿಸುತ್ತಿದ್ದರು ಎಂದು ಮಾಸ್ತರರು ವಿವರಿಸಿದರು. ಅವಳ ಮುಖ ಸವೆದು ಹೋಗಿತ್ತು, ಮೈಗೆ ಯಾರೋ ಹಚ್ಚಿದ ಅರಿಷಿಣ ಹಾಗೇ ಇತ್ತು. ಬೇರೆ ದಿನವಾಗಿದ್ದರೆ ನಾನು ಹತ್ತು ಪ್ರಶ್ನೆ ಕೇಳುತ್ತಿದ್ದೆ. ಅಂದು ನಾನು ಗಂಗೆಯ ಕಡೆ ಸರಿಯಾಗಿ ನೋಡಲೂ ಇಲ್ಲ.

ಶನಿವಾರ ಬೆಳಿಗ್ಗೆ ಚಹಾ ಕುಡಿದವನೇ ಊರ ಪಾವಟಿಗೆಗಳ ಮೇಲೆ ಹೋಗಿ ಕೂತೆ. ಕೊನೆಯ ಮೆಟ್ಟಿಲ ಕೆಳಗೆ ನೀರಿರಬೇಕಾದಲ್ಲಿ ಆಡುಗಳು ಮೇಯುತ್ತಿದ್ದವು. ಚಿಗವ್ವ ಮತ್ತು ಮಾಸ್ತರರು ಮೇಲಿನ ಮೆಟ್ಟಿಲಲ್ಲಿ ಕೂತಿದ್ದರು. ಫೋನ್ ಹಚ್ಚಿದೆ.

"ಸುಮಂಗಲಾ, ನಾ ತಪ್ಪು ಮಾಡೇನಿ. ನಿನ್ನೆ ಉಡಿ ತುಂಬಿದ್ದು ಹೊಳಿಗೆ ಅಲ್ಲ, ಕಾಲವಿಗೆ. ನೀರು ನೋಡಿ ಹೊಳಿ ಅಂದುಕೊಂಡೆ."

"ನನಗ ನಿನ್ನೇನ ಗೊತ್ತಾತು," ಎಂದಳು ಅವಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಫೋನಿನ್ಯಾಗ ಸಪ್ಪಳ ಕೇಳಿಸಿದ್ರಲ್ಲ. ನಮ್ಮ ಹೊಳಿ ಮಾಘದಾಗ ಹಂಗ ಸಪ್ಪಳ ಮಾಡಂಗಿಲ್ಲ."

"ಹಂಗಾರ ಆಗ ಯಾಕ ಹೇಳಲಿಲ್ಲ?"

"ನೀವು ಹೇಳ್ತೀರೋ ಇಲ್ಲೋ ನೋಡೋಣಂತ ಕುಂತಿದ್ದೆ. ಓಣಿ ಮಂದಿಗೆ ಇವತ್ತ ಬರ್ರಿ ಅಂದೇನಿ, ಒಂದ ದಿನ ತಡ ಆದರ ನಡೀತೈತಿ. ಕೂಸು ನನ್ನ ತೊಡಿಮ್ಯಾಲೆ ಐತಿ."

"ಆದರ ಇಲ್ಲಿ ಹೊಳ್ಯಾಗ ನೀರ ಇಲ್ಲ ಸುಮಂಗಲಾ. ಆಡು ಮೇಯಾಕತ್ತಾವು. ಯಾರಿಗೆ ತುಂಬೂದು?"

"ನೀರಿಲ್ಲಂತ ನನಗ ಗೊತ್ತಿಲ್ಲೇನ್ರಿ? ಅಲ್ಲೇ ಹುಟ್ಟಿ ಬೆಳದಾಕಿ ನಾನು," ಎಂದಳು. ಆಮೇಲೆ ಒಂದೊಂದೇ ಮಾತು ನಿಲ್ಲಿಸಿ ನಿಲ್ಲಿಸಿ ಹೇಳಿದಳು. "ಹೊಳಿ ತುಂಬಿ ಬಂದಾಗ ಊರ ಮಂದೆಲ್ಲ ಬಂದು ಉಡಿ ತುಂಬ್ತಾರ. ಬರಿದಾದಾಗ ಯಾರು ತುಂಬ್ತಾರ್ರಿ? ದವಾಖಾನ್ಯಾಗ ನಮ್ಮ ಹುಡುಗಿ ಮಂಚದ ಮ್ಯಾಲೆ ಬರೇ ಉಡಿ ಇಟಗೊಂಡು ಕುಂತಿದ್ದಳಲ್ಲ, ಕೂಸು ಅಲ್ಲಿ ಪೆಟಗ್ಯಾಗ. ಆಕಿನ್ನ ನೋಡಿದಾಗ ನನಗ ನೆನಪಾದದ್ದು ಬ್ಯಾಸಗ್ಯಾಗಿನ ನಮ್ಮ ಹೊಳಿ. ಅದಕ್ಕ ಆಕಿಗೆ ಹೊತ್ತೆ."

ಮಗಳು ಆ ಮಂಚದ ಮೇಲೆ ಕೂತದ್ದನ್ನು ದಿನಾ ನೋಡಿದವನು ನಾನು. ಎರಡೂ ಕೈಗಳನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು ಕೂತಿರುತ್ತಿದ್ದಳು. ನನಗೆ ಅದು ದಣಿವು ಅನ್ನಿಸಿತ್ತು, ಅಷ್ಟೇ.

ನಮ್ಮ ಮಾತು ಚಿಗವ್ವನ ಕಿವಿಗೂ ಬಿದ್ದಿತ್ತು. ಅವಳು ಎದ್ದು ಮನೆಗೆ ಹೋದಳು. ತಿರುಗಿ ಬಂದಾಗ ಅವಳ ಕೈಯ ಮೊರದಲ್ಲಿ ತನಗೆಂದು ತೆಗೆದಿಟ್ಟಿದ್ದ ಹೊಸ ಖಣ, ಗೋದಿ, ಒಂದು ತೆಂಗಿನಕಾಯಿ, ಎರಡು ಉತ್ತತ್ತಿ ಇದ್ದವು. ಅಂಗಡಿಯಿಂದ ಬಳೆ ತರಲು ಹೊತ್ತಾಗುತ್ತದೆಂದು ತನ್ನ ಕೈಯಿಂದಲೇ ಎರಡು ಹಸಿರು ಬಳೆ ಕಳಚಿದಳು. ಪಾವಟಿಗೆ ಇಳಿದು, ಹೊಳೆಯ ನಡುವೆ ಉಸುಕು ಉಳಿದಿದ್ದ ಜಾಗ ಹುಡುಕಿ, ಕೈಯಿಂದ ಒಂದು ತಗ್ಗು ಮಾಡಿದಳು. ಒಳಗೆ ಉಸುಕು ಸ್ವಲ್ಪ ತಣ್ಣಗಿತ್ತು, ನೀರು ಬರಲಿಲ್ಲ. ಅರಿಷಿಣ ಕುಂಕುಮ ಏರಿಸಿ ಆ ತಗ್ಗಿನಲ್ಲಿ ಉಡಿ ಇಟ್ಟಳು. "ತಗೋ ನಮ್ಮವ್ವಾ, ಸುಮ್ಮಿ ಕಳಸ್ಯಾಳ," ಎಂದಳು.

ನಾವು ಮೇಲೆ ಬರುವಷ್ಟರಲ್ಲಿ ಆಡುಗಳು ಗೋದಿಯ ವಾಸನೆ ಹಿಡಿದು ಬಂದವು. ದೇವದಾಸ ಮಾಸ್ತರರು, ಹರಕೆ ತಮ್ಮದೇ ಅನ್ನುವ ಹಾಗೆ, ಟೊಪ್ಪಿಗೆ ಬೀಸುತ್ತ "ಹೇ, ಹೇ" ಎಂದು ಇಳಿದು ಓಡಿದರು.

"ಬಿಡ್ರಿ ಮಾಸ್ತರ, ತಿನ್ನಲಿ," ಎಂದು ಚಿಗವ್ವ ಕೂಗಿದಳು. "ಆಕಿ ಮನ್ಯಾಗ ಈಗ ಉಳದವರು ಅವರ."

ಕಾಕಾನ ಕಾಲು ಮುಟ್ಟಿ, ಸೈಕಲ್ ಹಿಡಿದು ಏರಿ ಹತ್ತಿದೆವು. ಬಾದಾಮಿಗೆ ಇನ್ನೂ ಬಹಳ ದಾರಿ ಇತ್ತು, ಬಿಸಿಲೂ ಏರಿತ್ತು. ಏರಿಯ ಮೇಲೆ ನಿಂತು ತಿರುಗಿ ನೋಡಿದೆ. ಬೂದು ಬಣ್ಣದ ಪಾತ್ರದ ನಡುವೆ ಖಣದ ಕೆಂಪು ಅಂಚು ಕಾಣುತ್ತಿತ್ತು, ಸುತ್ತ ಆಡುಗಳಿದ್ದವು. ಮತ್ತೆ ಫೋನ್ ಹಚ್ಚಿ, ಚಿಗವ್ವ ತುಂಬಿದಳು ಎಂದೆ.

"ಹೊಳಿ ಹೆಂಗ ಕಾಣಸ್ತಾಳ್ರಿ?" 

ನಿಜ ಹೇಳಬೇಕೋ, ಚಂದ ಹೇಳಬೇಕೋ ಮತ್ತೆ ತಿಳಿಯದಾಯಿತು. "ನಿಮ್ಮ ಚಿಗವ್ವನ ಕೈಯಾಗಿನ ಹಸಿರು ಬಳಿ ಇಟಗೊಂಡು ಕುಂತಾಳ," ಅಂದೆ.

ಅವಳು ಫೋನನ್ನು ಕೈಯಲ್ಲಿ ಹಿಡಿದೇ ಒಳಕೋಣೆಯ ಕಡೆ ಕೂಗಿದ್ದು ಕೇಳಿಸಿತು: "ಅಶ್ವಿನೀ, ಇಲ್ಲಿ ಬಾ. ಕೂಸನ್ನ ತಗೊ. ನೀನ ಹಾಕು ತೊಟ್ಟಿಲಕ್ಕ."